ಕಂದು ಹಲ್ಲಿನ ಕೇಸು

ಪೋಸ್ಟ್ ಉದ್ದ ಇದೆ. ಪುರುಸೊತ್ತಿದ್ದಾಗ ಓದಿ, ಆದರೆ ಪೂರ್ತಿ ಓದಿ.

ನಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳನ್ನ ಕೂರಿಸಿಕೊಂಡು ಕಥೆ ಓದ್ತೀನಿ ಅಂತ ನಿಮ್ಮಲ್ಲಿ ಸುಮಾರು ಜನಕ್ಕೆ ಗೊತ್ತು. ಅಲ್ಲಿಗೆ ಬರುವ ಹುಡುಗನೊಬ್ಬ, ಏಳನೇ ಕ್ಲಾಸು, ನಗುವಾಗೆಲ್ಲ ಬಾಯಿಗೆ ಕೈ ಅಡ್ಡ ಇಟ್ಕೊಳ್ತಿದ್ದ. ನಾಚಿಕೆ ಸ್ವಭಾವ ಅಂದ್ಕೊಂಡಿದ್ದೆ. ಒಂದು ದಿನ ಕೇಳಿದಾಗ ಹೇಳಿದ: "ಅಣ್ಣಾ, ಸ್ಕೂಲಲ್ಲಿ ಎಲ್ಲರ ಮುಂದೆ ಹೇಳಿದ್ರು. ಕೇರಿಯೋರು ಹಲ್ಲುಜ್ಜಲ್ಲ, ಅದಕ್ಕೇ ಹಿಂಗೆ ಅಂತ."

ಅವನ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆ. ಬಾಯಿ ತೆಗೆಸಿ ನೋಡಿದರೆ ಅಲ್ಲಿ ಕೂತಿದ್ದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಅದೇ ಪಟ್ಟೆ.

ಕೋಲಾರ ಸೀಮೆಯವರಿಗೆ ಇದೇನು ಅಂತ ಗೊತ್ತಿರುತ್ತೆ. ನಾನೂ ಅವತ್ತೇ ಹೇಳಿಬಿಡಬಹುದಿತ್ತು, "ಮಗಾ, ಅದು ಕೊಳೆ ಅಲ್ಲ, ನೀರಿನಲ್ಲಿರೋ ಫ್ಲೋರೈಡು" ಅಂತ. ಹೇಳಿದ್ದರೆ ಏನಾಗ್ತಿತ್ತು? ಸ್ಕೂಲಲ್ಲಿ ಮೇಷ್ಟ್ರು ಒಂದು ಹೇಳ್ತಾರೆ, ಕೇರಿಯಲ್ಲಿ ಅಣ್ಣ ಇನ್ನೊಂದು ಹೇಳ್ತಾನೆ. ಹುಡುಗನ ಪಾಲಿಗೆ ಎರಡೂ ದೊಡ್ಡವರ ಮಾತೇ. ಅದರಲ್ಲಿ ಮೇಷ್ಟ್ರ ಮಾತಿಗೆ ತೂಕ ಜಾಸ್ತಿ. ಅದಕ್ಕೇ ನಾನು ಉತ್ತರ ಹೇಳಲಿಲ್ಲ. ಕೇಸು ಅಂತ ಅವರ ಕೈಗೆ ಕೊಟ್ಟೆ.

ಆ ಹೊತ್ತಿಗೆ ನಾವು ಪತ್ತೇದಾರಿ ಕಥೆಗಳನ್ನ ಓದ್ತಾ ಇದ್ದೆವು. ಅಮೆರಿಕದ ಡೊನಾಲ್ಡ್ ಸೋಬೋಲ್ 1963ರಲ್ಲಿ ಶುರು ಮಾಡಿದ 'ಎನ್‌ಸೈಕ್ಲೋಪೀಡಿಯಾ ಬ್ರೌನ್' ಕಥೆಗಳನ್ನ ನಾನೇ ನಮ್ಮ ಭಾಷೆಗೆ ತಂದು ಹೇಳ್ತಿದ್ದೆ. ಚಿಕ್ಕ ಹುಡುಗ ಪತ್ತೇದಾರ, ಚಿಕ್ಕ ಚಿಕ್ಕ ಕೇಸು, ಉತ್ತರ ಪುಸ್ತಕದ ಕೊನೆಯಲ್ಲಿ. ಸೇಮೋರ್ ಸೈಮನ್ ಅನ್ನೋರ 'ಐನ್‌ಸ್ಟೈನ್ ಆಂಡರ್ಸನ್' ಅದೇ ಜಾತಿಯದು, ಆದರೆ ಅಲ್ಲಿ ಪ್ರತಿ ಕೇಸನ್ನೂ ಬಿಡಿಸೋದು ಒಂದು ವಿಜ್ಞಾನದ ನಿಯಮ. ಸತ್ಯಜಿತ್ ರೇ 1965ರಲ್ಲಿ 'ಸಂದೇಶ್' ಅನ್ನೋ ಮಕ್ಕಳ ಪತ್ರಿಕೆಯಲ್ಲಿ ಫೆಲೂದಾನನ್ನ ಶುರು ಮಾಡಿದರು.

ಈ ಕಥೆಗಳಲ್ಲಿ ನನಗೆ ಇಷ್ಟವಾಗೋದು ಒಂದು ನ್ಯಾಯ. ಪತ್ತೇದಾರನಿಗೆ ಕಂಡದ್ದೆಲ್ಲ ಓದುವ ಮಗುವಿಗೂ ಕಾಣುತ್ತೆ. ಯಾರಿಗೂ ದಿವ್ಯದೃಷ್ಟಿ ಇಲ್ಲ. ಹುಟ್ಟಿನಿಂದ ಬಂದ ಜ್ಞಾನ ಇಲ್ಲ. ಕಣ್ಣಿಟ್ಟು ನೋಡಿದವನಿಗೆ, ತಲೆ ಓಡಿಸಿದವನಿಗೆ ಉತ್ತರ ಸಿಗುತ್ತೆ. "ನಿನಗೆ ಅರ್ಥ ಆಗಲ್ಲ, ಕೈಮುಗಿ" ಅಂತ ಸಾವಿರಾರು ವರ್ಷ ಹೇಳಿಸಿಕೊಂಡ ಜನಕ್ಕೆ ಇದು ಸಣ್ಣ ವಿಷಯ ಅಲ್ಲ.

ಸರಿ, ಕೇಸಿಗೆ ಬರೋಣ.

ಮಕ್ಕಳಿಗೆ ಒಂದು ನಿಜವಾದ ಕಥೆಯನ್ನ ನಾಲ್ಕು ಭಾನುವಾರ ಎಳೆದು ಎಳೆದು ಹೇಳಿದೆ. 1901. ಫ್ರೆಡರಿಕ್ ಮೆಕೇ ಅನ್ನೋ ಹೊಸ ಹಲ್ಲಿನ ಡಾಕ್ಟರು ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಊರಿಗೆ ಬರ್ತಾನೆ. ಆ ಊರಲ್ಲಿ ಹುಟ್ಟಿ ಬೆಳೆದವರ ಹಲ್ಲೆಲ್ಲ ಕಂದು. ಯಾಕೆ ಅಂತ ಯಾವ ಪುಸ್ತಕದಲ್ಲೂ ಇಲ್ಲ. ಊರವರನ್ನ ಕೇಳಿದರೆ ಹಂದಿ ಮಾಂಸ ಜಾಸ್ತಿ ತಿಂದು ಹಿಂಗಾಗಿದೆ ಅಂತಾರೆ, ಕೆಟ್ಟ ಹಾಲು ಕುಡಿದು ಅಂತಾರೆ. ಇಲ್ಲಿಗೆ ಬಂದಾಗ ನಾನು ನಿಲ್ಲಿಸಿ ನಕ್ಕೆ. ಎಲ್ಲಿ ಹೋದರೂ ಮೊದಲ ಗುಮಾನಿ ತಿನ್ನೋ ಊಟದ ಮೇಲೆಯೇ! ಮಕ್ಕಳಿಗೂ ಅರ್ಥ ಆಯ್ತು. ನಮ್ಮ ಮಕ್ಕಳಿಗೆ ಈ ತಮಾಷೆ ವಿವರಿಸಬೇಕಾಗಿಲ್ಲ.

ಮೆಕೇ ಬಿಡಲಿಲ್ಲ. ಮೂವತ್ತು ವರ್ಷ ಈ ಕೇಸಿನ ಹಿಂದೆ ಬಿದ್ದ. ದೊಡ್ಡವರಾದ ಮೇಲೆ ಬೇರೆ ಕಡೆಯಿಂದ ಬಂದು ನೆಲೆಸಿದವರ ಹಲ್ಲು ಚೆನ್ನಾಗೇ ಇದೆ, ಅಲ್ಲೇ ಹುಟ್ಟಿದ ಮಕ್ಕಳಿಗೆ ಮಾತ್ರ ಕಂದು ಅನ್ನೋದನ್ನ ಗಮನಿಸಿದ. 1923ರಲ್ಲಿ ಐಡಾಹೊ ರಾಜ್ಯದ ಓಕ್ಲಿ ಅನ್ನೋ ಊರಿಗೆ ಹೋದ. ಬಿಸಿನೀರಿನ ಬುಗ್ಗೆಯಿಂದ ಪೈಪ್ ಹಾಕಿ ಊರಿಗೆಲ್ಲ ನೀರು ತಂದ ಮೇಲೆ ಮಕ್ಕಳ ಹಲ್ಲು ಹಿಂಗಾಯ್ತು ಅಂತ ಅಲ್ಲಿನ ತಾಯಂದಿರು ಹೇಳಿದರು. ಆ ನೀರು ಬಿಡಿ ಅಂದ. ಬಿಟ್ಟರು. ಕೆಲವು ವರ್ಷದಲ್ಲಿ ಚಿಕ್ಕ ಮಕ್ಕಳಿಗೆ ಬಂದ ಹೊಸ ಹಲ್ಲು ಬೆಳ್ಳಗಿತ್ತು.

ಅಲ್ಲಿಗೆ ಕಥೆ ನಿಲ್ಲಿಸಿಬಿಟ್ಟೆ. ಮಕ್ಕಳು ಗಲಾಟೆ. "ನೀರಲ್ಲಿ ಏನಿತ್ತು ಅಣ್ಣಾ?" "ನಂಗೊತ್ತಿಲ್ಲ. ಮೊದಲು ನಮ್ಮೂರಿನ ಕೇಸು ನೋಡ್ರಿ, ಆಮೇಲೆ ಹೇಳ್ತೀನಿ."

ಮಕ್ಕಳು ನೋಟ್‌ಬುಕ್ ಹಿಡ್ಕೊಂಡು ಮನೆ ಮನೆಗೆ ಹೋದರು. ಒಂದು ಪುಟದಲ್ಲಿ ಹೆಸರಿಲ್ಲದೆ ಮನೆ ನಂಬರು, ವಯಸ್ಸು, ಹುಟ್ಟಿದ ಊರು, ಕುಡಿಯೋ ನೀರು ಎಲ್ಲಿಂದ, ಹಲ್ಲಲ್ಲಿ ಪಟ್ಟೆ ಇದೆಯೋ ಇಲ್ಲವೋ. ಹೋಲಿಕೆಗೆ ಬೇಕು ಅಂತ ಊರೊಳಗಿನ ಗೆಳೆಯರನ್ನೂ ಬರೆದುಕೊಂಡರು. ಕ್ಲಾಸಲ್ಲಿ ಪಕ್ಕದಲ್ಲೇ ಕೂರೋ ಹುಡುಗರಲ್ಲವಾ, ಬಾಯಿ ತೆಗೆದು ತೋರಿಸಿದರು. ಮಕ್ಕಳು ಮಕ್ಕಳೇ.

ಆರನೇ ಕ್ಲಾಸಿನ ಒಬ್ಬಳು ಮೂರನೇ ವಾರಕ್ಕೆ ಓಡಿ ಬಂದು ಹೇಳಿದ ಮಾತು ನಾನು ಸಾಯೋವರೆಗೂ ಮರೆಯಲ್ಲ. "ಅಣ್ಣಾ, ನಮ್ಮಪ್ಪಂಗೆ ಪಟ್ಟೆ ಐತೆ, ಅಮ್ಮಂಗಿಲ್ಲ. ಪಕ್ಕದ ಮನೆಯಲ್ಲೂ ಹಂಗೇ. ಸೊಸೆ ಆಗಿ ಬಂದೋರಿಗೆ ಎಷ್ಟೋ ಜನಕ್ಕೆ ಇಲ್ಲ. ಅಮ್ಮ ಕಾಲುವೆ ನೀರಿನ ಕಡೆಯೋಳು." ನೂರು ವರ್ಷದ ಹಿಂದೆ ಡಾಕ್ಟರು ಹಿಡಿದ ಎಳೆಯನ್ನ ಕೂಲಿ ಮಾಡುವ ತಾಯಿಯ ಮಗಳು ತನ್ನ ಮನೆಯ ಜಗುಲಿಯಲ್ಲೇ ಹಿಡಿದಳು. ಅಪ್ಪ ಅಮ್ಮ ಒಂದೇ ಇದ್ದಿಲಲ್ಲಿ ಉಜ್ಜೋದು, ಒಂದೇ ಅಡುಗೆ ಉಣ್ಣೋದು. ಹಂಗಾದರೆ ಕಾರಣ ಉಜ್ಜೋದೂ ಅಲ್ಲ, ಉಣ್ಣೋದೂ ಅಲ್ಲ.

ಇನ್ನು ನೀರಿನ ಪರೀಕ್ಷೆ. 2019ರಲ್ಲಿ ಬಂದ ಜಲ ಜೀವನ್ ಮಿಷನ್ ಪ್ರಕಾರ ಪ್ರತಿ ಹಳ್ಳಿಯಲ್ಲೂ ಐದು ಜನ ಹೆಂಗಸರಿಗೆ ನೀರು ಪರೀಕ್ಷೆ ಮಾಡೋ ತರಬೇತಿ ಕೊಡಬೇಕು, ಕಿಟ್ ಇರಬೇಕು. ಕಿಟ್ ಇತ್ತು, ಬೀರುವಿನೊಳಗೆ. ಬೀಗ ತೆಗೆಸೋಕೆ ನಾವು ಮೂರು ಸಲ ಓಡಾಡಬೇಕಾಯ್ತು. ತರಬೇತಿ ಪಡೆದ ಅಕ್ಕ ಒಬ್ಬರು ನಮ್ಮ ಕೇರಿಯವರೇ ಇದ್ದರು. ಅವರು ಬಂದು ಮಕ್ಕಳ ಮುಂದೆಯೇ ಮಾಡಿದರು. ಗಾಜಿನ ಸೀಸೆಯಲ್ಲಿ ಬೋರಿನ ನೀರು, ಅದಕ್ಕೆ ಅಳತೆಯ ಹನಿ. ಫ್ಲೋರೈಡ್ ಹೆಚ್ಚಿದ್ದಷ್ಟೂ ಕೆಂಪು ಕಳೆದು ಹಳದಿಗೆ ತಿರುಗುತ್ತೆ. ಬಣ್ಣದ ಕಾರ್ಡಿಗೆ ಹಿಡಿದು ನೋಡಿದರು. ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಅಂತ ನಿಯಮ. ನಮ್ಮ ಸೀಸೆ ಅದನ್ನ ದಾಟಿತ್ತು.

ಆವಾಗ ಕಥೆಯ ಕೊನೆ ಹೇಳಿದೆ. ಬಾಕ್ಸೈಟ್ ಅನ್ನೋ ಇನ್ನೊಂದು ಊರಲ್ಲಿ, ಅಲ್ಯೂಮಿನಿಯಂ ಕಂಪನಿಯ ಊರು ಅದು, ಇದೇ ಹಲ್ಲು ಕಂಡಾಗ ಕಂಪನಿಯ ರಸಾಯನ ತಜ್ಞ ಚರ್ಚಿಲ್ 1931ರಲ್ಲಿ ನೀರು ಪರೀಕ್ಷಿಸಿ ಫ್ಲೋರೈಡ್ ಹಿಡಿದ. ನಮ್ಮ ಪಕ್ಕದ ನೆಲ್ಲೂರು ಸೀಮೆಯಲ್ಲಿ ಇದೇ ಕಾಯಿಲೆ ಇದೆ ಅಂತ 1937ರಲ್ಲೇ ವರದಿ ಆಗಿದೆ. ಹಲ್ಲು ಒಸಡಿನೊಳಗೆ ಬೆಳೆಯೋ ವಯಸ್ಸಲ್ಲಿ ಈ ನೀರು ಕುಡಿದರೆ ಮೇಲಿನ ಪದರವೇ ಕೆಡುತ್ತೆ. ಆಮೇಲೆ ಎಷ್ಟು ಉಜ್ಜಿದರೂ ಹೋಗಲ್ಲ, ಯಾಕಂದ್ರೆ ಅದು ಅಂಟಿಕೊಂಡ ಕೊಳೆ ಅಲ್ಲ. ಇನ್ನೊಂದು ಮಾತು, ಮನೆಯಲ್ಲಿ ಹೇಳಿ: ನೀರು ಕಾಯಿಸಿದರೆ ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತೆ.

ಈಗ ಆ ನೋಟ್‌ಬುಕ್ಕಿನಲ್ಲಿದ್ದ ಇನ್ನೊಂದು ವಿಷಯ. ಇದನ್ನ ಮಕ್ಕಳೇ ಗಮನಿಸಿದರು, ನಾನಲ್ಲ. ಊರೊಳಗಿನ ಮಕ್ಕಳಿಗೂ ಅದೇ ಪಟ್ಟೆ ಇದೆ. ಸಾವಿರ ಅಡಿ ಕೆಳಗಿಂದ ಕಲ್ಲು ಬಗೆದು ತೆಗೆದ ನೀರಿಗೆ ಜಾತಿ ಗೊತ್ತಿಲ್ಲ. ಆದರೆ ಅವರ ಹಲ್ಲು ನೋಡಿದವರು "ಪಾಪ, ನಮ್ಮೂರ ನೀರೇ ಸರಿಯಿಲ್ಲ" ಅಂತಾರೆ. ನಮ್ಮ ಹುಡುಗನ ಹಲ್ಲು ನೋಡಿದವರು "ಕೊಳಕರು" ಅಂತಾರೆ. ಒಂದೇ ನೀರು, ಒಂದೇ ಪಟ್ಟೆ, ಎರಡು ತೀರ್ಪು.

ಗೆಳೆಯರೇ, ಜಾತಿ ಹೆಂಗೆ ಕೆಲಸ ಮಾಡುತ್ತೆ ಅಂತ ನಾನು ಇಪ್ಪತ್ತು ವರ್ಷ ಭಾಷಣ ಮಾಡಿದ್ದೀನಿ. ಈ ಮಕ್ಕಳ ಒಂದು ಪುಟ ಹೇಳಿದಷ್ಟು ಸ್ಪಷ್ಟವಾಗಿ ಯಾವತ್ತೂ ಹೇಳೋಕಾಗಿಲ್ಲ. ಜಾತಿ ಅಂದರೆ ತನಿಖೆಗೆ ಮುಂಚೆಯೇ ಬರೆದಿಟ್ಟ ತೀರ್ಪು.

ನನಗೂ ಇಂಥದ್ದು ಆಗಿದೆ. ಐದನೇ ಕ್ಲಾಸಲ್ಲಿದ್ದಾಗ ಯಾರದೋ ಜಾಮಿಟ್ರಿ ಬಾಕ್ಸ್ ಕಳೆದುಹೋಯ್ತು. ಇಡೀ ಕ್ಲಾಸಲ್ಲಿ ಮೂರು ಬ್ಯಾಗ್ ಮಾತ್ರ ಮೇಜಿನ ಮೇಲೆ ಸುರಿದರು. ಮೂರೂ ಕೇರಿಯವರದು. ನನ್ನ ಬ್ಯಾಗಿಂದ ಬಿದ್ದಿದ್ದು ಒಂದು ಪುಸ್ತಕ, ಒಂದು ತಟ್ಟೆ, ಒಣಗಿದ ಮುದ್ದೆಯ ತುಂಡು. ಎಲ್ಲ ನಕ್ಕರು. ಬಾಕ್ಸ್ ಸಿಗಲಿಲ್ಲ. ಉಳಿದ ಬ್ಯಾಗುಗಳನ್ನ ಯಾರೂ ತೆಗೆಸಲಿಲ್ಲ. "ಸಾರ್, ಸಾಕ್ಷಿ ಏನು?" ಅಂತ ಕೇಳಬಹುದು ಅನ್ನೋದೇ ನನಗೆ ಅವತ್ತು ಗೊತ್ತಿರಲಿಲ್ಲ. ಗೊತ್ತಿದ್ದರೂ ಬಾಯಿ ಬರ್ತಿತ್ತೋ ಇಲ್ಲವೋ, ಅದು ಬೇರೆ ಮಾತು.

ಅದಕ್ಕೇ ಪತ್ತೇದಾರಿ ಕಥೆಯನ್ನ ನಾನು ಕಣ್ಣುಮುಚ್ಚಿ ಹೊಗಳ್ತಾ ಇಲ್ಲ. ಈ ಕಥೆಗಳಲ್ಲೂ ನಮ್ಮ ಬ್ಯಾಗು ಸುರಿದಿದ್ದಾರೆ. ಎನಿಡ್ ಬ್ಲೈಟನ್ ಪುಸ್ತಕಗಳಲ್ಲಿ ರಜೆಗೆ ಬಂದ ಬಂಗಲೆ ಮಕ್ಕಳು ಪತ್ತೇದಾರರು, ಗುಮಾನಿ ಬೀಳೋದು ಅಲೆಮಾರಿಗಳ ಮೇಲೆ, ಸರ್ಕಸ್‌ನವರ ಮೇಲೆ. ನಮ್ಮ ದೇಶದಲ್ಲಿ ಬ್ರಿಟಿಷರು ಇದನ್ನ ಕಾನೂನೇ ಮಾಡಿದ್ದರು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳನ್ನ ಹುಟ್ಟಿನಿಂದಲೇ ಕಳ್ಳರು ಅಂತ ಬರೆಯಿತು. ಹುಬ್ಬಳ್ಳಿಯ ಸೆಟ್ಲ್‌ಮೆಂಟ್ ಅನ್ನೋ ಹೆಸರು ಅಲ್ಲಿಂದಲೇ ಬಂದದ್ದು. ಕಾಯ್ದೆ 1952ರಲ್ಲಿ ಹೋಯ್ತು. ಗುಮಾನಿ ಹೋಯ್ತಾ?

ಬೆರಳಚ್ಚಿನ ಕಥೆಯೂ ಹಿಂಗೇ. ಅದನ್ನ ವಿಂಗಡಿಸಿ ಹುಡುಕೋ ಕ್ರಮ ರೂಪುಗೊಂಡದ್ದು ಕಲ್ಕತ್ತದಲ್ಲಿ. 1897ರಲ್ಲಿ ಅಲ್ಲಿ ಬೆರಳಚ್ಚು ಕಚೇರಿ ಬಂತು. ಕೆಲಸ ಮಾಡಿದವರು ಅಜೀಜುಲ್ ಹಕ್, ಹೇಮಚಂದ್ರ ಬೋಸ್. ಹೆಸರು ಬಂದದ್ದು ಅವರ ಇಂಗ್ಲಿಷ್ ಸಾಹೇಬ ಹೆನ್ರಿಗೆ. 1911ರ ಹೊತ್ತಿಗೆ ಆ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯೊಳಗೂ ಬೆರಳಚ್ಚು ಸೇರಿತು. ಏನೂ ತಪ್ಪು ಮಾಡದವರೂ ಬೆರಳು ಒತ್ತಬೇಕು. ಉಪಕರಣ ಒಂದೇ, ಅದು ಯಾರ ಕೈಯಲ್ಲಿದೆ ಅನ್ನೋದೇ ಪ್ರಶ್ನೆ.

ನಮ್ಮ ಮಕ್ಕಳ ಕೈಗೆ ಕೊಟ್ಟು ನೋಡಿದೆ. ಪೆನ್ಸಿಲ್ ಸೀಸವನ್ನ ಬ್ಲೇಡಲ್ಲಿ ಕೆರೆದು ಪುಡಿ ಮಾಡೋದು, ಸ್ಟೀಲ್ ಲೋಟದ ಮೇಲೆ ಮೆಲ್ಲಗೆ ಉದುರಿಸಿ ಊದೋದು, ಮೂಡಿದ ಗುರುತಿನ ಮೇಲೆ ಸೆಲೋಟೇಪ್ ಒತ್ತಿ ಬಿಳಿ ಹಾಳೆಗೆ ಅಂಟಿಸೋದು. "ನಂದು ಚಕ್ರ", "ನಂದು ಶಂಖ" ಅಂತ ಕೂಗಾಟ. ಹಿಂದೆ ಕುಂತಿದ್ದ ಒಬ್ಬ ಅಜ್ಜ, ಹೋಟೆಲಲ್ಲಿ ಬೇರೆ ಲೋಟದಲ್ಲಿ ಟೀ ಕುಡಿದ ಕಾಲದವರು, ಹಾಳೆ ತಿರುಗಿಸಿ ತಿರುಗಿಸಿ ನೋಡಿ ಕೇಳಿದರು: "ಇದ್ರಲ್ಲಿ ನಮ್ದು ಯಾವ್ದು, ಗೌಡ್ರದು ಯಾವ್ದು ಅಂತ ಗೊತ್ತಾಗ್ತದಾ?" ಇಲ್ಲ ತಾತ, ಗೊತ್ತಾಗಲ್ಲ ಅಂದೆ. "ಮತ್ತೆ ಲೋಟ ಯಾಕೆ ಬೇರೆ ಇಟ್ಟಿದ್ರು?" ಅಂದರು. ಮಕ್ಕಳಿಗೆ ಅವತ್ತು ನಾನು ಬೇರೆ ಪಾಠ ಮಾಡಲಿಲ್ಲ.

ಇನ್ನೊಂದು ಪ್ರಯೋಗ ಹೇಳ್ತೀನಿ, ನೀವೂ ಮಾಡಿಸಿ. ಗುಪ್ತ ಪತ್ರ. ಅಳಲೆಕಾಯಿ ಕುದಿಸಿದ ತೆಳು ನೀರಲ್ಲಿ ಕಡ್ಡಿ ಅದ್ದಿ ಬರೆದು ಒಣಗಿಸಿ. ಅಕ್ಷರ ಸರಿಯಾಗಿ ಕಾಣಲ್ಲ. ತುಕ್ಕು ಹಿಡಿದ ಮೊಳೆಗಳನ್ನ ವಿನೆಗರ್‌ನಲ್ಲಿ ಎರಡು ಮೂರು ದಿನ ನೆನೆಹಾಕಿ, ಆ ನೀರನ್ನ ಹತ್ತಿಯಲ್ಲಿ ಸವರಿ. ಅಕ್ಷರ ಕಪ್ಪಗೆ ಎದ್ದು ನಿಲ್ಲುತ್ತೆ. ಅಳಲೆಯ ಒಗರು ಕಬ್ಬಿಣದ ಜತೆ ಸೇರಿದರೆ ಕಪ್ಪು. ಶ್ರೀಕಾಳಹಸ್ತಿಯ ಕಲಂಕಾರಿ ಬಟ್ಟೆಯ ಕಪ್ಪು ಗೆರೆ ಬರೋದೂ ಇದರಿಂದಲೇ. ಈ ಒಗರೇ ತೊಗಲನ್ನ ಹದ ಮಾಡೋದು. ನಮ್ಮ ತಾತ ಹಸಿ ತೊಗಲನ್ನ ಸುಣ್ಣದ ನೀರಲ್ಲಿ ನೆನೆಸಿ, ಕೂದಲು ಕೆರೆದು, ತಂಗಡಿ ತೊಗಟೆಯ ನೀರಲ್ಲಿ ವಾರಗಟ್ಟಲೆ ಇಡ್ತಿದ್ದರು. ಯಾವ ದಿನ ತೆಗೀಬೇಕು ಅಂತ ಮೂಸಿ, ಮುಟ್ಟಿ ಹೇಳ್ತಿದ್ದರು. ಅದು ರಸಾಯನಶಾಸ್ತ್ರ. ಅದಕ್ಕೆ ಊರು ಕೊಟ್ಟ ಹೆಸರು ಹೊಲಸು.

ತಪ್ಪು ತಿಳೀಬೇಡಿ, ಮಕ್ಕಳನ್ನ ಮತ್ತೆ ತೊಗಲಿನ ಗುಂಡಿಗೆ ಕಳಿಸಿ ಅಂತ ಹೇಳ್ತಿಲ್ಲ. ಆ ಗುಂಡಿಯಿಂದ ಹೊರಗೆ ಬರೋಕೇ ನಾವು ಓದಿದ್ದು. ನಾನು ಹೇಳೋದು ಇಷ್ಟೇ: ಕೈಯಿಂದ ಮಾಡಿ ಕಲಿಯೋದು ಅಂತ ದೊಡ್ಡ ಶಾಲೆಗಳು ಈಗ ಫೀಸು ತಗೊಂಡು ಕಲಿಸೋದು ನಮ್ಮ ಹಟ್ಟಿಗಳಲ್ಲಿ ಯಾವತ್ತೋ ಇತ್ತು. ಕೈ ನಮ್ಮದಿತ್ತು, ಪುಸ್ತಕ ಅವರದಿತ್ತು. ಎರಡೂ ಒಂದೇ ಮಗುವಿನ ಹತ್ತಿರ ಬರಬೇಕು.

ಇದು ಆಗದ ಮಾತಲ್ಲ. ಮಧ್ಯಪ್ರದೇಶದ ಹೋಶಂಗಾಬಾದ್‌ನಲ್ಲಿ 1972ರಲ್ಲಿ ಹದಿನಾರು ಸರ್ಕಾರಿ ಹಳ್ಳಿ ಶಾಲೆಗಳಲ್ಲಿ ಶುರು ಮಾಡಿದರು. ಮಕ್ಕಳೇ ಗುಂಪು ಕೂತು ಪ್ರಯೋಗ ಮಾಡಿ, ತಾವು ಕಂಡದ್ದನ್ನ ತಾವೇ ಬರೆಯೋ ವಿಜ್ಞಾನ. ಮೂವತ್ತು ವರ್ಷ ನಡೀತು. 2002ರಲ್ಲಿ ಸರ್ಕಾರವೇ ನಿಲ್ಲಿಸಿತು. ಅಲ್ಲಿಂದ ಸ್ಫೂರ್ತಿ ಪಡೆದ ಅರವಿಂದ ಗುಪ್ತಾ ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬಿನಲ್ಲಿ ಆಟಿಕೆ ಮಾಡಿ ದೇಶದ ಮಕ್ಕಳಿಗೆಲ್ಲ ತೋರಿಸಿದರು. ನಮ್ಮ ಕನ್ನಡದಲ್ಲೇ ತೇಜಸ್ವಿಯವರ 'ಕರ್ವಾಲೋ' ಇಲ್ಲವಾ? ಹಾರುವ ಓತಿಯನ್ನ ಹುಡುಕೋ ಅದು ಪಕ್ಕಾ ಪತ್ತೇದಾರಿ ಕಥೆ. ಅಲ್ಲಿ ದೊಡ್ಡ ವಿಜ್ಞಾನಿ ನಂಬಿ ಹಿಂದೆ ಹೋಗೋದು ಯಾರನ್ನ? ಊರವರು ಪೆದ್ದ ಅಂದ್ಕೊಂಡಿದ್ದ ಮಂದಣ್ಣನನ್ನ. ಯಾಕಂದ್ರೆ ಅವನು ಕಣ್ಣಿಟ್ಟು ನೋಡಿದ್ದ.

ಬಾಬಾಸಾಹೇಬರ ಪುಸ್ತಕಗಳ ಹೆಸರು ನೆನಪು ಮಾಡ್ಕೊಳ್ಳಿ. 1946ರಲ್ಲಿ 'ಶೂದ್ರರು ಯಾರು?' 1948ರಲ್ಲಿ 'ಅಸ್ಪೃಶ್ಯರು: ಅವರು ಯಾರು, ಯಾಕೆ ಅಸ್ಪೃಶ್ಯರಾದರು?' ಎರಡೂ ಪತ್ತೇದಾರನ ಪ್ರಶ್ನೆಗಳೇ. "ದೇವರು ಹಂಗೇ ಮಾಡಿದ್ದಾನೆ" ಅಂತ ಮುಚ್ಚಿದ್ದ ಫೈಲನ್ನ ಅವರು ಮತ್ತೆ ತೆಗೆಸಿದರು. ಸಾಕ್ಷಿ ಹುಡುಕಿದರು, ಎಳೆ ಕಳೆದುಹೋದ ಕಡೆ ಊಹೆ ಅಂತಲೇ ಹೇಳಿ ಊಹಿಸಿದರು.

ಸಂಘಟನೆಯ ಗೆಳೆಯರು ಬೈತಾರೆ ಅಂತ ಗೊತ್ತು. "ಹಾಸ್ಟೆಲ್‌ನಲ್ಲಿ ಸೀಟಿಲ್ಲ, ಸ್ಕಾಲರ್‌ಶಿಪ್ ಬಂದಿಲ್ಲ, ಇವನು ಕಥೆ ಹೇಳ್ಕೊಂಡು ಕೂತವ್ನೆ." ಒಪ್ಪಿದೆ, ಆ ಹೋರಾಟದಲ್ಲೂ ನಾನು ಇರ್ತೀನಿ. ಆದರೆ ಕಂಬಾಲಪಲ್ಲಿ ನೆನಪಿದೆಯಲ್ಲ? 2000ದ ಮಾರ್ಚ್ 11. ನಮ್ಮವರು ಏಳು ಜನ ಸುಟ್ಟು ಸತ್ತರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಸಾಕ್ಷಿಗಳು ತಿರುಗಿ ಬಿದ್ದರು. ಹೆದರಿದ ಮನುಷ್ಯ ಮಾತು ಬದಲಿಸ್ತಾನೆ, ಅವನನ್ನ ನಾನು ಬೈಯಲ್ಲ. ಆದರೆ ಸೀಸೆಯಲ್ಲಿರೋ ನೀರು, ಲೋಟದ ಮೇಲಿನ ಬೆರಳು ಹೆದರಲ್ಲ. ಅದನ್ನ ಯಾರು ಸಂಗ್ರಹಿಸ್ತಾರೆ, ಯಾರು ಓದ್ತಾರೆ, ಯಾರು ಕೋರ್ಟಲ್ಲಿ ನಿಂತು ವಿವರಿಸ್ತಾರೆ? ಆ ಲ್ಯಾಬುಗಳಲ್ಲಿ, ಆ ಠಾಣೆಗಳಲ್ಲಿ, ಆ ಕೋರ್ಟುಗಳಲ್ಲಿ ನಮ್ಮ ಮಕ್ಕಳು ಇರಬೇಕು. ತಮಿಳುನಾಡಿನ ವೇಂಗೈವಯಲ್‌ನಲ್ಲಿ 2022ರ ಡಿಸೆಂಬರ್‌ನಲ್ಲಿ ದಲಿತರ ನೀರಿನ ಟ್ಯಾಂಕಿಗೆ ಮಲ ಹಾಕಿದ್ದು ಗೊತ್ತಾಗಿದ್ದು ಮಕ್ಕಳು ಕಾಯಿಲೆ ಬಿದ್ದ ಮೇಲೆ. ಎರಡು ವರ್ಷ ತನಿಖೆ ನಡೆದು 2025ರ ಜನವರಿಯಲ್ಲಿ ಚಾರ್ಜ್‌ಶೀಟ್ ಬಂದಾಗ ಅದರಲ್ಲಿದ್ದದ್ದು ಅದೇ ಊರಿನ ಮೂವರು ದಲಿತರ ಹೆಸರು. ಅಲ್ಲಿನ ಜನ ಅದನ್ನ ಒಪ್ಪಲಿಲ್ಲ. ಸಾಕ್ಷಿ ತೋರಿಸಿ ಅಂತ ಕೇಳೋದು, ತೋರಿಸಿದ್ದನ್ನ ಪರೀಕ್ಷಿಸೋದು ನಮ್ಮ ಮಕ್ಕಳಿಗೆ ಹವ್ಯಾಸ ಅಲ್ಲ, ಜೀವದ ಪ್ರಶ್ನೆ.

ಹಂಗಾಗಿ ನನ್ನ ಬೇಡಿಕೆ ಇಷ್ಟು.

ಕನ್ನಡದ ಬರಹಗಾರರೇ, ಮಕ್ಕಳಿಗೆ ಪತ್ತೇದಾರಿ ಬರೀರಿ. ಪ್ರತಿ ಕಥೆಯ ಕೊನೆಗೆ ಹತ್ತು ರೂಪಾಯಿ ಒಳಗೆ ಮಾಡಬಹುದಾದ ಒಂದು ಪ್ರಯೋಗ ಇರಲಿ. ಪತ್ತೇದಾರಿ ಕೇರಿಯ ಹುಡುಗಿಯಾಗಿರಲಿ. ಕಳ್ಳ ಯಾರು ಅಂತ ಬರೆಯೋ ಮುಂಚೆ ಎರಡು ಸಲ ಯೋಚಿಸಿ.

ಪಂಚಾಯಿತಿ ಲೈಬ್ರರಿಗಳಿಗೆ ಅರಿವು ಕೇಂದ್ರ ಅಂತ ಚೆಂದದ ಹೆಸರು ಇಟ್ಟಿದ್ದೀರಿ. ಅಲ್ಲಿ ಒಂದು ಭೂತಗನ್ನಡಿ, ನಾಲ್ಕು ಗಾಜಿನ ಸೀಸೆ ಇಡಿ. ನೀರಿನ ಪರೀಕ್ಷೆಯ ಫಲಿತಾಂಶವನ್ನ ಪ್ರತಿ ತಿಂಗಳು ಗೋಡೆಗೆ ಅಂಟಿಸಿ.

ಮೇಷ್ಟ್ರೇ, ವಿಜ್ಞಾನದ ಬೀರುವಿನ ಬೀಗ ತೆಗೀರಿ. ಮಕ್ಕಳು ಒಂದೆರಡು ಸೀಸೆ ಒಡೀತಾರೆ, ಒಡೀಲಿ.

ಆ ಹುಡುಗನ ವಿಷಯ ಹೇಳಿ ಮುಗಿಸ್ತೀನಿ. ಮಕ್ಕಳು ಮಾಡಿದ ಚಾರ್ಟನ್ನ ಸ್ಕೂಲಲ್ಲಿ ತೋರಿಸೋಕೆ ಹೊಸದಾಗಿ ಬಂದ ವಿಜ್ಞಾನದ ಮೇಡಂ ಅವಕಾಶ ಕೊಟ್ಟರು. ಅವರಿಗೆ ಶರಣು. ಹುಡುಗ ಎದ್ದು ನಿಂತು ಸೀಸೆ ತೋರಿಸಿ ವಿವರಿಸಿದನಂತೆ. ಹಲ್ಲುಜ್ಜಲ್ಲ ಅಂದವರೂ ಅಲ್ಲೇ ಇದ್ದರು. ಏನೂ ಮಾತಾಡಲಿಲ್ಲವಂತೆ, ತಪ್ಪಾಯ್ತು ಅಂತಲೂ ಅನ್ನಲಿಲ್ಲವಂತೆ. ನಗುವಾಗ ಅವನ ಕೈ ಈಗಲೂ ಬಾಯಿ ಹತ್ತಿರ ಹೋಗುತ್ತೆ, ಅಭ್ಯಾಸ. ಹೋದ ವಾರ ಯಾರೋ ಹಲ್ಲಿನ ಬಗ್ಗೆ ಏನೋ ಅಂದಾಗ ಮಾತ್ರ ಕೈ ತೆಗೆದು ಕೇಳಿದನಂತೆ:

"ನಿಮ್ಮನೆ ನೀರು ಟೆಸ್ಟ್ ಮಾಡ್ಸಿದ್ದೀರಾ?"

ಹಳೆಯ ಭೂತಗನ್ನಡಿ, ಲಿಟ್ಮಸ್ ಕಾಗದ, ಮಕ್ಕಳ ಪುಸ್ತಕ ಇದ್ದವರು ಇನ್‌ಬಾಕ್ಸಿಗೆ ಬನ್ನಿ. ದುಡ್ಡು ಬೇಡ.

ಜೈ ಭೀಮ್.